ಕ್ರೂಸ್ ಪ್ರಯಾಣದಲ್ಲಿ ಬಿರುಗಾಳಿ ಎದುರಾದರೆ?

ಪ್ರಶ್ನೆ: ಮೊದಲ ಬಾರಿಗೆ ಕ್ರೂಸ್ ಹಡಗಿನಲ್ಲಿ ಹೊರಟಿದ್ದೇವೆ. ನಡುಸಮುದ್ರದಲ್ಲಿ ಬಿರುಗಾಳಿ ಎದ್ದರೆ ಹಡಗಿನವರು ಏನು ಮಾಡುತ್ತಾರೆ? ನೋಡಬೇಕೆಂದಿದ್ದ ಊರು ತಪ್ಪಿಹೋದರೆ ಹಣ ಹಿಂದಿರುಗುತ್ತದೆಯೇ?

ಉತ್ತರ: ಹಡಗು ಬಿರುಗಾಳಿಯನ್ನು ಎದುರಿಸುವುದಕ್ಕಿಂತ ಹೆಚ್ಚಾಗಿ ಅದರ ದಾರಿಯಿಂದ ಸರಿದು ನಿಲ್ಲುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಚಂಡಮಾರುತದೊಳಗಿನ ಗಾಳಿ ಗಂಟೆಗೆ 119 ಕಿ.ಮೀ. ಮೀರಿ ಬೀಸುತ್ತಿದ್ದರೂ, ಉಷ್ಣವಲಯದಲ್ಲಿ ಇಡೀ ಚಂಡಮಾರುತ ಸಾಗುವ ವೇಗ ಸಾಮಾನ್ಯವಾಗಿ ಗಂಟೆಗೆ 15ರಿಂದ 25 ಕಿ.ಮೀ. ಮಾತ್ರ; ದೊಡ್ಡ ಕ್ರೂಸ್ ಹಡಗು ಸುಮಾರು 20 ನಾಟ್, ಅಂದರೆ ಗಂಟೆಗೆ 37 ಕಿ.ಮೀ. ವೇಗದಲ್ಲಿ ಹೋಗಬಲ್ಲದು. ಹವಾಮಾನ ಮುನ್ಸೂಚನೆ ಹಲವು ದಿನ ಮೊದಲೇ ಕೈಸೇರುವುದರಿಂದ ಕ್ಯಾಪ್ಟನ್‌ಗೆ ದಾರಿ ಬದಲಿಸಲು ಸಮಯವಿರುತ್ತದೆ. ಅಟ್ಲಾಂಟಿಕ್‌ನಲ್ಲಿ ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲವಾಗಿದ್ದು, ಸೆಪ್ಟೆಂಬರ್‌ನಲ್ಲಿ ಅದು ತುತ್ತತುದಿ ಮುಟ್ಟುತ್ತದೆ. ಆ ತಿಂಗಳಲ್ಲಿ ಕೆರಿಬಿಯನ್‌ಗೆ ಹೊರಟವರು ಮುದ್ರಿತ ವೇಳಾಪಟ್ಟಿಯನ್ನು ಅಂದಾಜೆಂದು ಭಾವಿಸುವುದೇ ಸರಿ.

ಬಂದರು ತಪ್ಪಲು ಚಂಡಮಾರುತವೇ ಬೇಕೆಂದಿಲ್ಲ. ಗ್ರೀಸ್‌ನ ಸ್ಯಾಂಟೊರಿನಿಯಂಥ ಕಡೆ ದೊಡ್ಡ ಹಡಗು ದಕ್ಕೆಗೆ ಬರದೆ ದೂರದಲ್ಲೇ ನಿಲ್ಲುತ್ತದೆ, ಪ್ರಯಾಣಿಕರನ್ನು ಸಣ್ಣ ದೋಣಿಗಳಲ್ಲಿ ದಡಕ್ಕೆ ಒಯ್ಯುತ್ತಾರೆ. ಹಡಗಿನ ಬಾಗಿಲಿನ ಬಳಿ ಆ ದೋಣಿ ಒಮ್ಮೆ ಮೇಲೇರಿ ಮರುಕ್ಷಣವೇ ಕೆಳಗಿಳಿಯುತ್ತಿರುವಾಗ, ಮಂಡಿನೋವಿರುವ ಹಿರಿಯರೊಬ್ಬರು ಅದಕ್ಕೆ ಕಾಲಿಡುವುದನ್ನು ಊಹಿಸಿಕೊಳ್ಳಿ. ಬಿಸಿಲು ಚೆನ್ನಾಗಿದ್ದರೂ ಇಳಿಯಲು ಏಕೆ ಬಿಡಲಿಲ್ಲವೆಂದು ಸಿಟ್ಟಾಗುವವರಿಗೆ ನಾನು ಕೊಡುವ ಉತ್ತರ ಇದೇ.

ಹಣದ ವಿಚಾರದಲ್ಲಿ ನಿರೀಕ್ಷೆ ಮಿತವಾಗಿರಲಿ. ಸುರಕ್ಷತೆಗಾಗಿ ಬಂದರನ್ನು ಕೈಬಿಡುವ ಅಥವಾ ಬದಲಿಸುವ ಹಕ್ಕನ್ನು ಟಿಕೆಟ್ಟಿನ ಕರಾರು ಕಂಪನಿಗೆ ಕೊಟ್ಟಿರುತ್ತದೆ. ಆದ್ದರಿಂದ ಪ್ರಯಾಣದರ ಸಾಮಾನ್ಯವಾಗಿ ಮರಳುವುದಿಲ್ಲ. ಆ ಬಂದರಿನ ತೆರಿಗೆ ಮತ್ತು ಶುಲ್ಕವನ್ನೂ, ಹಡಗಿನವರ ಮೂಲಕವೇ ಕಾದಿರಿಸಿದ್ದ ದಡದ ಪ್ರವಾಸದ ಹಣವನ್ನೂ ಬಹುತೇಕ ಕಂಪನಿಗಳು ಹಿಂದಿರುಗಿಸುತ್ತವೆ. ಹೊರಗಿನವರ ಬಳಿ ಕಾದಿರಿಸಿದ್ದರೆ, ಹಡಗು ಬಾರದಿದ್ದಾಗ ಹಣ ಮರಳಿಸುತ್ತಾರೆಯೇ ಎಂದು ಮೊದಲೇ ಬರವಣಿಗೆಯಲ್ಲಿ ಪಡೆದುಕೊಳ್ಳಿ. ಪ್ರವಾಸ ವಿಮೆಯನ್ನು ಟಿಕೆಟ್ ಕೊಂಡಾಗಲೇ ಮಾಡಿಸುವುದು ಒಳ್ಳೆಯದು, ಏಕೆಂದರೆ ಚಂಡಮಾರುತಕ್ಕೆ ಹೆಸರಿಟ್ಟ ನಂತರ ಕೊಂಡ ವಿಮೆ ಸಾಮಾನ್ಯವಾಗಿ ಅದರಿಂದಾದ ನಷ್ಟಕ್ಕೆ ಅನ್ವಯಿಸುವುದಿಲ್ಲ. ಹಡಗು ಹೊರಡುವ ಊರನ್ನು ಒಂದು ದಿನ ಮೊದಲೇ ತಲುಪಿ. ಬಂದರು ಮುಚ್ಚಿದರೆ ಹಡಗು ಒಂದು ದಿನ ತಡವಾಗಿ ಬರುವುದೂ ಉಂಟಾದ್ದರಿಂದ, ಮರಳುವ ವಿಮಾನದ ಟಿಕೆಟ್ ದಿನಾಂಕ ಬದಲಿಸಲು ಬರುವಂಥದ್ದಾಗಿರಲಿ.

ಇನ್ನು ಹಡಗು ಓಲಾಡುವ ಹೊತ್ತಿನ ಮಾತು. ನೀರಿನೊಳಗೆ ಎರಡೂ ಪಕ್ಕಗಳಲ್ಲಿ ಮೀನಿನ ರೆಕ್ಕೆಯಂತೆ ಚಾಚಿಕೊಳ್ಳುವ ಸ್ಟೆಬಿಲೈಸರ್‌ಗಳು ಹಡಗು ಪಕ್ಕಕ್ಕೆ ವಾಲುವುದನ್ನು ಬಹುಮಟ್ಟಿಗೆ ತಗ್ಗಿಸುತ್ತವೆ, ಆದರೆ ಮೂತಿ ಎದ್ದು ಬೀಳುವುದನ್ನು ಹೆಚ್ಚೇನೂ ತಡೆಯಲಾರವು. ಅದಕ್ಕಾಗಿಯೇ ಕೆಳಗಿನ ಅಂತಸ್ತಿನಲ್ಲಿ, ಹಡಗಿನ ಉದ್ದಕ್ಕೆ ನಟ್ಟನಡುವೆ ಇರುವ ಕ್ಯಾಬಿನ್ ನೆಮ್ಮದಿ. ಅಲೆ ಜೋರಾದರೆ ಈಜುಕೊಳದ ನೀರನ್ನು ಖಾಲಿ ಮಾಡುತ್ತಾರೆ. ಕ್ಯಾಬಿನ್‌ನಲ್ಲಿ ಕಪಾಟಿನ ಖಾಲಿ ಹ್ಯಾಂಗರ್‌ಗಳು ರಾತ್ರಿಯಿಡೀ ಟಕಟಕ ಬಡಿದುಕೊಳ್ಳುತ್ತವೆ. ಅವನ್ನು ತೆಗೆದು ನೆಲದ ಮೇಲಿಡಿ, ಗಾಜಿನ ಲೋಟಗಳನ್ನೂ ಕೆಳಗಿಳಿಸಿ. ಓಡಾಡುವಾಗ ಒಂದು ಕೈ ಸದಾ ಕಂಬಿಯ ಮೇಲಿರಲಿ. ಬಾಗಿಲ ಚೌಕಟ್ಟಿಗಂತೂ ಬೆರಳಿಡಲೇಬೇಡಿ, ಗಾಳಿಗೆ ಭಾರವಾದ ಬಾಗಿಲು ಬಡಿದರೆ ಬೆರಳು ಉಳಿಯುವುದಿಲ್ಲ.

ಹೊಟ್ಟೆ ತೊಳಸುವುದು ಹೊಟ್ಟೆಯ ದೋಷವಲ್ಲ. ಕ್ಯಾಬಿನ್ ಗೋಡೆ ಅಲುಗಾಡದಂತೆ ಕಣ್ಣಿಗೆ ಕಂಡರೂ ಒಳಕಿವಿ ಚಲನೆಯನ್ನು ಗುರುತಿಸುತ್ತದೆ. ಇವೆರಡರ ಸುದ್ದಿ ತಾಳೆಯಾಗದಿದ್ದಾಗ ಮಿದುಳು ಗಲಿಬಿಲಿಗೊಳ್ಳುತ್ತದೆ. ದಿಗಂತವನ್ನು ನೋಡುತ್ತಾ ಕುಳಿತರೆ ಹಾಯೆನಿಸುವುದು ಇದರಿಂದಲೇ. ಓದುವುದನ್ನು, ಫೋನ್ ನೋಡುವುದನ್ನು ನಿಲ್ಲಿಸಿ. ಖಾಲಿ ಹೊಟ್ಟೆಯಲ್ಲಿರದೆ ಸ್ವಲ್ಪ ಸಪ್ಪೆ ಆಹಾರ ಸೇವಿಸಿ. ಮಾತ್ರೆ ವಾಕರಿಕೆ ಶುರುವಾಗುವ ಮೊದಲೇ ಹೆಚ್ಚು ಫಲಕಾರಿ. ಕಿವಿಯ ಹಿಂದೆ ಅಂಟಿಸುವ ಸ್ಕೋಪೊಲಮಿನ್ ಎಂಬ ವಾಕರಿಕೆ ತಡೆಯುವ ಔಷಧದ ಪಟ್ಟಿ ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಇರುವವರಿಗೆ ತೊಂದರೆ ಮಾಡಬಹುದಾದ್ದರಿಂದ, ಹೊರಡುವ ಮುನ್ನ ವೈದ್ಯರನ್ನು ಕೇಳಿಯೇ ಕೊಳ್ಳಿ.

ದಡಕ್ಕಿಳಿದ ಮೇಲೂ ಒಂದೆರಡು ದಿನ ನೆಲವೇ ತೂಗಿದಂತೆ ಅನಿಸುವುದು ಸಾಮಾನ್ಯ. ವಾರಗಳು ಕಳೆದರೂ ಅದು ಹೋಗದಿದ್ದರೆ ಮಾತ್ರ ವೈದ್ಯರಿಗೆ ತೋರಿಸಬೇಕು.