ಉಗುರುಸುತ್ತಿನ ಬೆರಳು ಬಿಳಿ ರಕ್ತಕಣಕ್ಕೆ ಹೇಗೆ ಗೊತ್ತಾಗುತ್ತದೆ?

ಪ್ರಶ್ನೆ: ಉಗುರುಸುತ್ತು ಆದಾಗ ಬಿಳಿ ರಕ್ತಕಣಗಳು ಆ ಬೆರಳಿಗೇ ಬಂದು ಸೇರುತ್ತವಂತೆ. ಮೈಯೆಲ್ಲಾ ಸುತ್ತುವ ರಕ್ತದಲ್ಲಿರುವ ಅವಕ್ಕೆ ನೋವು ಯಾವ ಬೆರಳಿನಲ್ಲಿದೆ ಅಂತ ಹೇಗೆ ಗೊತ್ತಾಗುತ್ತದೆ?

ಉತ್ತರ: ಗೊತ್ತಾಗುವುದಿಲ್ಲ. ಅವು ರಕ್ತದ ಜೊತೆ ಸುಮ್ಮನೆ ಹರಿದು ಹೋಗುತ್ತಿರುತ್ತವೆ. ಆ ಬೆರಳಿನ ರಕ್ತನಾಳವೇ ಅವನ್ನು ಹಿಡಿದು ನಿಲ್ಲಿಸುತ್ತದೆ. ಬಿಳಿ ರಕ್ತಕಣಗಳನ್ನು ‘ಸೈನಿಕರು’ ಎಂದು ಕಲಿಸಿದ್ದರಿಂದಲೇ ಅವು ಶತ್ರುವನ್ನು ಹುಡುಕಿಕೊಂಡು ಹೊರಡುತ್ತವೆ ಎಂದು ನಾವು ಅಂದುಕೊಂಡುಬಿಟ್ಟಿದ್ದೇವೆ.

ಉಗುರಿನ ಸಂದಿಗೆ ಬ್ಯಾಕ್ಟೀರಿಯಾ ಹೊಕ್ಕಿತು ಅನ್ನಿ. ಅಲ್ಲಿನ ಜೀವಕೋಶಗಳು ಹಿಸ್ಟಮಿನ್‌ನಂಥ ರಾಸಾಯನಿಕಗಳನ್ನು ಬಿಡುತ್ತವೆ. ಪಕ್ಕದ ಸಣ್ಣ ರಕ್ತನಾಳದ ಒಳಪದರ ಅಷ್ಟಕ್ಕೇ ಎಚ್ಚೆತ್ತು, ಮೊದಲೇ ಮಾಡಿಟ್ಟುಕೊಂಡ ಪಿ-ಸೆಲೆಕ್ಟಿನ್ ಎಂಬ ಪ್ರೋಟೀನನ್ನು ನಿಮಿಷಗಳಲ್ಲಿ ಮೇಲ್ಮೈಗೆ ತಂದಿಡುತ್ತದೆ. ಇನ್ನೊಂದು, ಇ-ಸೆಲೆಕ್ಟಿನ್, ಹೊಸದಾಗಿ ತಯಾರಾಗಬೇಕು. ಅದಕ್ಕೆ ಕೆಲವು ಗಂಟೆ ಬೇಕು.

ಸೆಲೆಕ್ಟಿನ್‌ನ ಹಿಡಿತ ಗಟ್ಟಿಯಲ್ಲ. ಹೊಲದ ಬದುವಿನಲ್ಲಿ ನಡೆದರೆ ಉತ್ತರಾಣಿ ಬೀಜ ಪಂಚೆಗೆ ಅಂಟುವುದಿಲ್ಲವೇ, ಎಳೆದರೆ ಬಿಡುತ್ತದೆ, ಮುಂದೆ ಮತ್ತೊಂದು ಅಂಟುತ್ತದೆ. ಹಾಗೆ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ ಅಂಟುತ್ತಾ ಬಿಡುತ್ತಾ ನಾಳದ ಗೋಡೆಯ ಮೇಲೆ ಉರುಳತೊಡಗುತ್ತದೆ. ಅದರ ವೇಗ ತಗ್ಗುತ್ತದೆ, ಅಷ್ಟೇ.

ಆ ಗೋಡೆಯ ಮೇಲೆ ಇಂಟರ್‌ಲ್ಯೂಕಿನ್-8ರಂಥ ಕೀಮೋಕೈನ್‌ಗಳೂ, ಅಂದರೆ ಬಿಳಿ ಕಣಗಳನ್ನು ಸೆಳೆಯುವ ರಾಸಾಯನಿಕ ಸಂಕೇತಗಳೂ, ಕೂತಿರುತ್ತವೆ. ಉರುಳುವಾಗ ಅವು ತಾಗಿದರೆ ನ್ಯೂಟ್ರೋಫಿಲ್‌ನ ಮೈಮೇಲಿನ ಇಂಟಿಗ್ರಿನ್ ಎಂಬ ಪ್ರೋಟೀನು, ಅಲ್ಲಿಯವರೆಗೆ ಮಡಿಚಿಕೊಂಡಿದ್ದದ್ದು, ಕ್ಷಣದಲ್ಲಿ ನೆಟ್ಟಗಾಗಿ ಗೋಡೆಯ ಐಕ್ಯಾಮ್-1 ಎಂಬ ಪ್ರೋಟೀನನ್ನು ಬಿಗಿಯಾಗಿ ಹಿಡಿಯುತ್ತದೆ. ಈಗ ಕಣ ನಿಂತೇಬಿಟ್ಟಿತು. ಆಮೇಲೆ ಚಪ್ಪಟೆಯಾಗಿ ತೆವಳಿ, ಒಳಪದರದ ಎರಡು ಕೋಶಗಳ ಸಂದಿಯಲ್ಲಿ ಮೈ ಕಿರಿದು ಮಾಡಿಕೊಂಡು ಹೊರಗೆ ಜಾರುತ್ತದೆ. ಅಲ್ಲಿಂದಾಚೆಗೆ ಮಾತ್ರ ಅದು ನಿಜಕ್ಕೂ ದಾರಿ ಹಿಡಿದು ನಡೆಯುತ್ತದೆ, ರಾಸಾಯನಿಕದ ವಾಸನೆ ಎಲ್ಲಿ ದಟ್ಟವೋ ಅತ್ತ. ಜರ್ಮನಿಯ ರೋಗಶಾಸ್ತ್ರಜ್ಞ ಯೂಲಿಯುಸ್ ಕೋನ್‌ಹೈಮ್ 1867ರಲ್ಲೇ ಕಪ್ಪೆಯಲ್ಲಿ ಇದನ್ನು ಸೂಕ್ಷ್ಮದರ್ಶಕದಡಿ ನೋಡಿ, ಕೀವಿನ ಕಣಗಳು ರಕ್ತದಿಂದಲೇ ಬರುತ್ತವೆ ಎಂದು ತೋರಿಸಿದ್ದ. ಪ್ರೋಟೀನುಗಳ ಹೆಸರು ಸಿಕ್ಕಿದ್ದು ಇಪ್ಪತ್ತನೇ ಶತಮಾನದ ಕೊನೆಗೆ.

ಇಷ್ಟೊಂದು ಹಂತ ಯಾಕೆ? ಇಂಟಿಗ್ರಿನ್ ಸದಾ ನೆಟ್ಟಗಿದ್ದರೆ ಬಿಳಿ ಕಣಗಳು ಕಂಡಕಂಡಲ್ಲಿ ಅಂಟಿಕೊಂಡು ನಾಳ ಕಟ್ಟಿಕೊಳ್ಳುತ್ತಿತ್ತು. ಇಲ್ಲದೇ ಹೋದರೂ ಕಷ್ಟವೇ. ಬೀಟಾ-2 ಎಂಬ ಬಗೆಯ ಈ ಇಂಟಿಗ್ರಿನ್ ಇಲ್ಲದೆ ಹುಟ್ಟುವ ಮಕ್ಕಳಿದ್ದಾರೆ, ತೀರಾ ಅಪರೂಪ. ಅವರ ಹೊಕ್ಕುಳಬಳ್ಳಿ ಒಂದೆರಡು ವಾರಕ್ಕೆ ಉದುರದೆ ಮೂರು ವಾರ ದಾಟಿದರೂ ಹಾಗೇ ಇರಬಹುದು. ರಕ್ತದಲ್ಲಿ ಬಿಳಿ ಕಣ ತುಂಬಿ ತುಳುಕುತ್ತಿರುತ್ತದೆ, ಗಾಯದಲ್ಲಿ ಮಾತ್ರ ಕೀವೇ ಇಲ್ಲ.

ಸೆಲೆಕ್ಟಿನ್ ಹಿಡಿಯುವ, ಬಿಳಿ ಕಣದ ಮೈಮೇಲಿನ ಕೊಕ್ಕೆಗೆ ಫ್ಯೂಕೋಸ್ ಎಂಬ ಸಕ್ಕರೆ ಬೇಕು. ಅದನ್ನು ಜೋಡಿಸಲಾಗದ ಇನ್ನೂ ಅಪರೂಪದ ಕೆಲವು ಮಕ್ಕಳಲ್ಲಿ ಬಾಂಬೆ ಎಂಬ ಅಪರೂಪದ ರಕ್ತಗುಂಪೂ ಕಾಣಿಸಿಕೊಳ್ಳುತ್ತದೆ, ಯಾಕೆಂದರೆ ಆ ಗುಂಪಿನಲ್ಲಿ ಇಲ್ಲದಿರುವ ಎಚ್ ಪ್ರತಿಜನಕಕ್ಕೂ (ಕೆಂಪು ರಕ್ತಕಣದ ಮೈಮೇಲಿನ ಒಂದು ಗುರುತು) ಅದೇ ಸಕ್ಕರೆ ಬೇಕು. (1952ರಲ್ಲಿ ಮುಂಬೈಯಲ್ಲಿ ಪತ್ತೆಯಾದ ಆ ರಕ್ತಗುಂಪಿನವರು ಗಾಬರಿಯಾಗಬೇಕಿಲ್ಲ, ಅವರಲ್ಲಿ ಕೆಟ್ಟಿರುವುದು ಬೇರೆ ಜೀನ್, ಬಿಳಿ ಕಣಗಳು ಸರಿಯಾಗೇ ಇರುತ್ತವೆ.)

ಬಂದವರನ್ನು ಸಾಕು ಅನ್ನುವವರೂ ಬೇಕಲ್ಲ. ಅನೆಕ್ಸಿನ್-ಎ1 ಎಂಬ ಪ್ರೋಟೀನು ನ್ಯೂಟ್ರೋಫಿಲ್‌ನ ಒಳಗೇ ಇರುತ್ತದೆ. ಗೋಡೆಗೆ ಅಂಟಿದ ಮೇಲೆ ಅದು ಹೊರಮೈಗೆ ಬಂದು ಹಿಡಿತ ಸಡಿಲಿಸುತ್ತದೆ, ಕಣ ಕಳಚಿಕೊಂಡು ಮತ್ತೆ ರಕ್ತಕ್ಕೆ ಸೇರುತ್ತದೆ. ಸ್ಟೆರಾಯ್ಡ್ ಔಷಧಿಗಳು ಊತ ಇಳಿಸುವುದು ಭಾಗಶಃ ಇದರ ಮೂಲಕ. ಗೋಡೆ ಬಿಟ್ಟ ಕಣಗಳೆಲ್ಲ ರಕ್ತದಲ್ಲಿ ತೇಲುವುದರಿಂದ, ಸ್ಟೆರಾಯ್ಡ್ ತೆಗೆದುಕೊಳ್ಳುವವರ ಲ್ಯಾಬ್ ರಿಪೋರ್ಟ್‌ನಲ್ಲಿ ಬಿಳಿ ಕಣದ ಸಂಖ್ಯೆ ಏರಿರುತ್ತದೆ. ಇದೊಂದೇ ಕಾರಣವಲ್ಲ, ಮೂಳೆಮಜ್ಜೆಯೂ ಹೆಚ್ಚು ಕಣ ಬಿಡುತ್ತದೆ. ರಿಪೋರ್ಟ್ ನೋಡಿದ ಮನೆಯವರು “ಸೋಂಕು ಜಾಸ್ತಿಯಾಯಿತೇ ಡಾಕ್ಟ್ರೇ?” ಎಂದು ಹೆದರುವ ಹೊತ್ತಿಗೆ, ಡಾಕ್ಟ್ರು “ಮಾತ್ರೆ ಚೀಟಿ ತೋರಿಸಿ” ಅನ್ನುವುದು ಇದಕ್ಕೇ.