ಮಾಡಿನ ಲೆಕ್ಕಕ್ಕೊಂದು ಎಕ್ಸೆಲ್ ಹಾಳೆ

ಉಡುಪಿ ಹತ್ತಿರದ ಕಟಪಾಡಿಯಲ್ಲಿ ನಮ್ಮ ಹಳೆಮನೆಯ ಮಾಡು, ಅಂದರೆ ಹಂಚಿನ ಚಾವಣಿ, ಬಿಚ್ಚಿ ಹೊಸದಾಗಿ ಕಟ್ಟಿಸುವಾಗ ಒಂದೇ ವಾರದಲ್ಲಿ ಅದರ ಎತ್ತರ ನಾಲ್ಕು ಸಲ ಬದಲಾಯಿತು. ಎರಡೂವರೆ ಮೀಟರ್ ಸಾಕು ಎಂದವನು ನಾನು. ಅಟ್ಟದಲ್ಲಿ ತಲೆ ತಾಗುತ್ತದೆ, ಮೂರು ಇರಲಿ ಎಂದರು ಅಮ್ಮ. ಮರದ ರೇಟು ಕೇಳಿದ ಮೇಲೆ ಮತ್ತೆ ಎರಡೂವರೆಗೆ ಬಂದೆವು. ಆಮೇಲೆ ಭಾವ ಬಂದರು. ಪ್ರತಿ ಸಲವೂ ಬಡಗಿ ಆಚಾರ್ರು ಜಗಲಿಯ ನೆಲದಲ್ಲಿ ಸೀಮೆಸುಣ್ಣದಿಂದ ತ್ರಿಕೋನ ಎಳೆದು, ಟೇಪು ಹಿಡಿದು ಪಕ್ಕಾಸಿನ, ಅಂದರೆ ನೆತ್ತಿಯಿಂದ ಸೂರಿಗೆ ಇಳಿಯುವ ಮರದ, ಉದ್ದ ತೆಗೆಯುತ್ತಿದ್ದರು. ಕೊನೆಗೆ, "ನಾಳೆ ಬೆಳಿಗ್ಗೆ ಬದಲಾಗದ ಒಂದು ಲೆಕ್ಕ ಹೇಳಿ ಮಾರಾಯ್ರೆ" ಎಂದರು.

ಆ ರಾತ್ರಿ ಲ್ಯಾಪ್‌ಟಾಪ್ ತೆರೆದೆ. ಈ ಸಂಕಟ ಹೊಸದೇನಲ್ಲ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಓದುತ್ತಿದ್ದ ಡ್ಯಾನ್ ಬ್ರಿಕ್ಲಿನ್‌ಗೆ ಹೊಳೆದದ್ದೂ ಇದೇ. ಬೋರ್ಡಿನ ಮೇಲಿನ ಕೋಷ್ಟಕದಲ್ಲಿ ಒಂದು ಅಂಕಿ ತಿದ್ದಿದರೆ ಅದನ್ನು ನಂಬಿಕೊಂಡ ಅಂಕಿಗಳನ್ನೆಲ್ಲ ಒರೆಸಿ ಬರೆಯಬೇಕಲ್ಲ, ಅವು ತಾವಾಗಿಯೇ ಬದಲಾದರೆ? ಅವರೂ ಬಾಬ್ ಫ್ರಾಂಕ್‌ಸ್ಟನ್ನರೂ ಸೇರಿ 1979ರಲ್ಲಿ ಆಪಲ್ 2 ಕಂಪ್ಯೂಟರಿಗೆ ವಿಸಿಕ್ಯಾಲ್ಕ್ ಎಂಬ ಲೆಕ್ಕದ ಹಾಳೆ ತಂದರು. ವ್ಯಾಪಾರದ ಲೆಕ್ಕಕ್ಕೆ ಹುಟ್ಟಿದ ಆ ಉಪಾಯ ಮಾಡಿನ ಲೆಕ್ಕಕ್ಕೂ ಚೆನ್ನಾಗಿಯೇ ಕೂರುತ್ತದೆ.

ನನ್ನ ಹಾಳೆಯಲ್ಲಿ ಕೈಯಾರೆ ತುಂಬಬೇಕಾದ ಚೌಕಗಳು ಮೂರೇ. ಬಿ1ರಲ್ಲಿ ಸೂರಿನಿಂದ ಸೂರಿಗೆ ಉದ್ದ 12 ಮೀಟರ್, ಬಿ2ರಲ್ಲಿ ಅಗಲ 8, ಬಿ3ರಲ್ಲಿ ನೆತ್ತಿಯ ಎತ್ತರ 2.5. ಪಕ್ಕಾಸಿನ ಉದ್ದಕ್ಕೆ ಸೂತ್ರ:

=ಎಸ್‌ಕ್ಯೂಆರ್‌ಟಿ((ಬಿ2/2)^2+ಬಿ3^2)

ಅರ್ಧ ಅಗಲದ ವರ್ಗ, ಎತ್ತರದ ವರ್ಗ, ಎರಡೂ ಕೂಡಿ ವರ್ಗಮೂಲ. ಉತ್ತರ 4.717 ಮೀಟರ್. ಆಯತದ ಕರ್ಣದ ಬಗ್ಗೆ ಬೌಧಾಯನ ಶುಲ್ಬಸೂತ್ರ ಹೇಳಿದ್ದೂ ಇದನ್ನೇ. ಅದೂ ಇಟ್ಟಿಗೆಯ ವೇದಿಕೆ ಕಟ್ಟಲು ಹಗ್ಗ ಹಿಡಿದವರಿಗಾಗಿ ಬರೆದದ್ದು. ನಮ್ಮ ಆಚಾರ್ರು ಅದಕ್ಕೆ ಹತ್ತಿರದ ನೆಂಟರು, ನಾನು ದೂರದವನು.

ನಮ್ಮದು ನಾಲ್ಕೂ ಕಡೆ ಇಳಿಯುವ ಮಾಡು. ಮೂಲೆಯಿಂದ ನೆತ್ತಿಗೆ ಹೋಗುವ ಪಕ್ಕಾಸೇ ಎಲ್ಲರನ್ನೂ ತಡವರಿಸುವಂತೆ ಮಾಡುವುದು. ನಾಲ್ಕೂ ಕಡೆ ಇಳಿಜಾರು ಒಂದೇ ಆಗಿದ್ದರೆ, ಮೇಲಿನಿಂದ ನೋಡುವಾಗ ಅದು ಮೂಲೆಯನ್ನು ಸರಿಯಾಗಿ ಎರಡಾಗಿ ಸೀಳುತ್ತದೆ. ಹಾಗಾಗಿ ನೆಲದ ಮೇಲೆ ಅದರ ನೆರಳು 4 ಮೀಟರ್ ಚೌಕದ ಕರ್ಣ. ಸೂತ್ರದಲ್ಲಿ ಅರ್ಧ ಅಗಲದ ವರ್ಗ ಒಂದು ಸಲದ ಬದಲು ಎರಡು ಸಲ ಬರುತ್ತದೆ, ಅಷ್ಟೇ. 6.185 ಮೀಟರ್.

ಇನ್ನು ಹಂಚು. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಊರ ಹೆಸರೇ ಹಂಚಿಗೆ ಅಂಟಿಕೊಂಡಿತು. ಈ ಹಂಚು ಚದರ ಮೀಟರಿಗೆ ಸುಮಾರು 15 ಬೇಕು. ವಿಸ್ತೀರ್ಣ ತಿಳಿಯಲು ನಾನು ಮಾಡನ್ನು ಎರಡು ತ್ರಿಕೋನ, ಎರಡು ತ್ರಾಪಿಜ್ಯವಾಗಿ ಕತ್ತರಿಸಿ ಕೂಡಿದೆ: 113.2 ಚದರ ಮೀಟರ್. ಕುತೂಹಲಕ್ಕೆ, ಎರಡೇ ಕಡೆ ಇಳಿಯುವ ಸಾದಾ ಮಾಡಾಗಿದ್ದರೆ ಎಂದು ನೋಡಿದೆ. ಅದೂ 113.2! ಎಲ್ಲೋ ತಪ್ಪಿದೆನೆಂದುಕೊಂಡೆ. ತಪ್ಪಿರಲಿಲ್ಲ. ಇಳಿಜಾರು ಒಂದೇ ಇದ್ದರೆ ನೆಲದ ಒಂದೊಂದು ಚದರ ಮೀಟರಿನ ಮೇಲೂ ಮಾಡು ಒಂದೇ ಪಾಲಿನಷ್ಟು ಹೆಚ್ಚು, ಇಲ್ಲಿ 1.179 ಪಟ್ಟು. ಅದು ಎತ್ತ ಮುಖ ಮಾಡಿದೆ ಎಂಬುದು ಲೆಕ್ಕಕ್ಕಿಲ್ಲ. ಉದ್ದುದ್ದ ಸೂತ್ರವೆಲ್ಲ ಅಳಿಸಿ, ಉದ್ದ ಅಗಲಗಳ ಗುಣಲಬ್ಧವನ್ನು ಆ ಪಾಲಿನಿಂದ ಗುಣಿಸಿದರೆ ಮುಗಿಯಿತು. ನಾಲ್ಕು ಕಡೆಯ ಮಾಡಿನಲ್ಲಿ ಮೂಲೆಗೆ ಕತ್ತರಿಸಿ ಹಾಳಾಗುವ ಹಂಚು ಮಾತ್ರ ಜಾಸ್ತಿ. ನೂರಕ್ಕೆ ಐದು ಸೇರಿಸಿದಾಗ 1783.02 ಬಂತು, ರೌಂಡ್‌ಅಪ್ ಅದನ್ನು 1784 ಮಾಡಿತು. ಹಂಚಿನ ನೂರರಲ್ಲಿ ಎರಡು ಭಾಗವನ್ನು ಯಾರೂ ಮಾರುವುದಿಲ್ಲವಲ್ಲ.

ಎಡವಿದ್ದು ಬೇರೆ ಕಡೆ. ಮೊದಲ ದಿನ ನಾನು ಎತ್ತರ ಹಾಕಿರಲಿಲ್ಲ, ಕೋನ ಹಾಕಿದ್ದೆ. ಪಕ್ಕದ ಮನೆಯ ಮಾಡಿಗೆ ಮೊಬೈಲ್ ಹಿಡಿದು ನೋಡಿದರೆ 32 ಡಿಗ್ರಿ. 4 ಮೀಟರನ್ನು ಟ್ಯಾನ್(32)ರಿಂದ ಗುಣಿಸಿದೆ, ಎತ್ತರ 2.64 ಎಂದಿತು. ಆಚಾರ್ರು ನೆಲದ ಗೆರೆ ತೋರಿಸಿ, "ಎರಡೂವರೆಯೇ ಉಂಟು, ನಿಮ್ಮದು ಎಲ್ಲಿಂದ ಬಂತು?" ಎಂದರು. ಬಂದದ್ದು ರೇಡಿಯನ್‌ನಿಂದ. ಎಕ್ಸೆಲ್‌ಗೆ ಡಿಗ್ರಿ ಗೊತ್ತಿಲ್ಲ. ತ್ರಿಜ್ಯದಷ್ಟೇ ಉದ್ದದ ಕಂಸ ಮಾಡುವ ಕೋನವೇ ಅದಕ್ಕೆ ಒಂದು, ಅಂದರೆ ನಮ್ಮ 57.3 ಡಿಗ್ರಿ. ನಾನು ಕೊಟ್ಟ 32ನ್ನು ಅದು 32 ರೇಡಿಯನ್ ಎಂದು ಓದಿ, ಐದು ಸುತ್ತು ತಿರುಗಿ ಬಂದು, 0.661 ಎಂದಿತ್ತು. ಸರಿಯಾದದ್ದು 0.625. ಎತ್ತರದಲ್ಲಿ ವ್ಯತ್ಯಾಸ ಕೇವಲ ಐದೂಮುಕ್ಕಾಲು ಇಂಚು. ನಾನು 30 ಡಿಗ್ರಿ ಹಾಕಿದ್ದರೆ ಟ್ಯಾನ್ ಮೈನಸ್ 6.4 ಬಂದು, ಮಾಡು ಬಾವಿಯಂತೆ ನೆಲದೊಳಗೆ ಇಳಿಯುತ್ತಿತ್ತು. ಆಗ ತಪ್ಪು ತಾನೇ ಕೂಗಿ ಹೇಳುತ್ತಿತ್ತು. 32ರದು ಸಾಚಾ ಮುಖದ ತಪ್ಪು. ಟ್ಯಾನ್(ರೇಡಿಯನ್ಸ್(32)) ಎಂದು ಬರೆದರೆ ಸರಿಯಾಗುತ್ತದೆ. ನಾನಂತೂ ಅಂದಿನಿಂದ ಕೋನದ ಸಹವಾಸವನ್ನೇ ಬಿಟ್ಟು ಎತ್ತರವನ್ನೇ ತುಂಬುತ್ತೇನೆ. ಎತ್ತರವನ್ನು ಟೇಪಿನಲ್ಲಿ ಅಳೆದು ನೋಡಬಹುದು.

ಅಡಿ-ಇಂಚಿನವರಿಗೆ ಇನ್ನೊಂದು ಗುಂಡಿ ಉಂಟು. ಹನ್ನೆರಡು ಅಡಿ ಹತ್ತು ಇಂಚನ್ನು ಮೇಸ್ತ್ರಿಗಳು ಚೀಟಿಯಲ್ಲಿ 12.10 ಎಂದು ಬರೆಯುತ್ತಾರೆ. ಅದನ್ನು ಹಾಗೆಯೇ ಹಾಳೆಗೆ ಹಾಕಿದರೆ ಕೊನೆಯ ಸೊನ್ನೆ ಬಿದ್ದು 12.1 ಆಗುತ್ತದೆ, ಹನ್ನೆರಡು ಅಡಿ ಒಂದು ಇಂಚಿಗಿಂತ ತುಸು ಹೆಚ್ಚು. ಒಂಬತ್ತು ಇಂಚು ಮಾಯ! ಅಡಿಗೊಂದು ಚೌಕ, ಇಂಚಿಗೊಂದು ಚೌಕ ಇಟ್ಟು, ಇಂಚನ್ನು 12ರಿಂದ ಭಾಗಿಸಿ ಕೂಡುವುದೇ ಕ್ಷೇಮ.

ಅಂತೂ ಹಾಳೆ ಸಿದ್ಧವಾಯಿತು. ಆಚಾರ್ರನ್ನು ಕೂರಿಸಿಕೊಂಡು ಬಿ3ರಲ್ಲಿ 2.5 ಅಳಿಸಿ 3 ಹಾಕಿದೆ. ಪಕ್ಕಾಸು 5 ಮೀಟರ್, ಮೂಲೆಯದು 6.403, ವಿಸ್ತೀರ್ಣ 120, ಹಂಚು 1890. ಕಣ್ಣೆದುರೇ ಎಲ್ಲ ಬದಲಾದವು. ಪಕ್ಕಾಸಿನ 5 ನೋಡಿ ಅವರು ನಕ್ಕರು. ಮೂರು, ನಾಲ್ಕು, ಐದು ಅವರು ಮೂಲೆ ಕೂಡಿಸಲು ದಿನವೂ ಬಳಸುವ ಲೆಕ್ಕ.

"ಇದೊಂದು ಮಾತ್ರ ಅಲ್ಲಾಡ್ಲಿಲ್ಲ" ಎಂದು ಕೆಳಗಿನ ಚೌಕವೊಂದನ್ನು ತೋರಿಸಿದರು. ಅದು ಬಾವಿಗೆ ಬಿಡಬೇಕೆಂದಿದ್ದ ಮಳೆನೀರಿನ ಲೆಕ್ಕ. ವರ್ಷಕ್ಕೆ ಮೂರೂವರೆ ಮೀಟರ್ ಮಳೆ ಎಂದು ಹಿಡಿದರೆ 3,36,000 ಲೀಟರ್. ಎತ್ತರ ಎಷ್ಟೇ ಮಾಡಿದರೂ ಅಷ್ಟೇ. ಮಾಡು ಎಷ್ಟು ಕಡಿದಾದರೂ ಅದು ಮುಚ್ಚುವ ನೆಲ 96 ಚದರ ಮೀಟರೇ ಅಲ್ಲವೇ, ಆ ನೆಲದ ಮೇಲೆ ನೇರವಾಗಿ ಬೀಳುವ ನೀರು ಎಲ್ಲಿಂದ ಹೆಚ್ಚಬೇಕು ಎಂದೆ.

ಆಚಾರ್ರು ಸ್ವಲ್ಪ ಯೋಚಿಸಿ, "ಆಟಿ ತಿಂಗಳಲ್ಲಿ ನಮ್ಮ ಮಳೆ ನೇರ ಬೀಳ್ತದಾ?" ಎಂದರು. ಆ ಚೌಕದ ಪಕ್ಕದಲ್ಲಿ 'ಸುಮಾರು' ಎಂದು ಬರೆದುಕೊಂಡೆ.