ಬಾಯಿ ಅರ್ಧವೇ ತೆರೆದಾಗ: ದಂತ ಸಹಾಯಕರಿಗೆ ಅಧ್ಯಯನ ಟಿಪ್ಪಣಿ

ಪಠ್ಯದಲ್ಲಿ ಬಾಯಿಯ ರೋಗಗಳು ಒಂದು ಅಧ್ಯಾಯ, ಕುರ್ಚಿಯ ಪಕ್ಕದ ಕೆಲಸ ಇನ್ನೊಂದು. ಹುಬ್ಬಳ್ಳಿ-ಧಾರವಾಡದ ಕ್ಲಿನಿಕ್‌ಗಳಲ್ಲಿ ತರಬೇತಿಗೆ ನಿಲ್ಲುವ ನಾವು ಎರಡನ್ನೂ ಕೂಡಿಸಿಯೇ ಓದಬೇಕು. ಟ್ರೇಯಲ್ಲಿ ಏನಿಡಬೇಕು, ಬಾಯಿಯ ನೀರು-ಎಂಜಲು ಹೀರುವ ಸಕ್ಷನ್ ಕೊಳವೆ ಹೇಗೆ ಹಿಡಿಯಬೇಕು ಎಂಬುದನ್ನು ನಿರ್ಧರಿಸುವುದು ರೋಗವೇ.

ಮೊದಲು ಕೂರುವ ಜಾಗ. ರೋಗಿಯ ಮುಖವೇ ಗಡಿಯಾರ, ನೆತ್ತಿಯ ಕಡೆ 12 ಗಂಟೆ ಎಂದುಕೊಳ್ಳಿ. ಬಲಗೈ ಬಳಸುವ ವೈದ್ಯರು 7ರಿಂದ 12ರ ನಡುವೆ, ನಾವು 2ರಿಂದ 4ರ ನಡುವೆ. ಉಪಕರಣ ಕೈ ಬದಲಾಗುವುದು 4ರಿಂದ 7ರ ನಡುವೆ, ಅಂದರೆ ಗದ್ದದ ಹತ್ತಿರ. ಕಣ್ಣಿನ ಮೇಲಿಂದ ಪ್ರೋಬ್‌ನಂಥ ಚೂಪು ಉಪಕರಣ ದಾಟಿಸಲೇಬಾರದು. ಬಲಗೈಯಲ್ಲಿ ಸಕ್ಷನ್, ಎಡಗೈಯಲ್ಲಿ ಉಪಕರಣ. ಎಡಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಮುಂದಿನ ಉಪಕರಣ ಸಿದ್ಧವಿರಲಿ. ಅದೇ ಕೈಯ ಕಿರುಬೆರಳು ಬಳಸಿದ್ದನ್ನು ಎತ್ತಿಕೊಳ್ಳಲಿ. ಈ ಅಭ್ಯಾಸ ಕೈಗೆ ಹತ್ತಿದರೆ ವೈದ್ಯರು ಬಾಯಿಯಿಂದ ಕಣ್ಣು ತೆಗೆಯಬೇಕಾಗಿಲ್ಲ. ಹಲ್ಲು ಕೊರೆಯುವ ಹ್ಯಾಂಡ್‌ಪೀಸ್ ಬರುವ ಮೊದಲೇ ಸಕ್ಷನ್ ತುದಿ ಹಲ್ಲಿನ ಬಳಿ ಇರಬೇಕು. ಅದು ಮೃದು ಅಂಗುಳಕ್ಕೆ ತಾಗಿದರೆ ಓಕರಿಕೆ ಖಂಡಿತ.

ಈಗ ನಮ್ಮ ಭಾಗದಲ್ಲಿ ತಪ್ಪದೇ ಎದುರಾಗುವ ರೋಗ: ಸಬ್‌ಮ್ಯೂಕಸ್ ಫೈಬ್ರೋಸಿಸ್. ಇದರ ಮೂಲ ಅಡಿಕೆ. ಅಡಿಕೆಯಲ್ಲಿರುವ ಅರೆಕೋಲಿನ್ ಕೆನ್ನೆಯ ಒಳಪದರದ ಕೆಳಗೆ ನಾರು ಬೆಳೆಯುವಂತೆ ಮಾಡುತ್ತದೆ. ಕೆನ್ನೆ ಬಿಳಿಚಿಕೊಂಡು ಬಿಗಿಯಾಗುತ್ತದೆ, ಬಾಯಿ ಪೂರ್ತಿ ತೆರೆಯದಾಗುತ್ತದೆ. ತಂಬಾಕು ಇಲ್ಲದಿದ್ದರೂ ಅಡಿಕೆಯೊಂದೇ ಕ್ಯಾನ್ಸರ್‌ಕಾರಕ. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾದರೂ ಪಾನ್ ಮಸಾಲಾ ಮತ್ತು ತಂಬಾಕನ್ನು ಬೇರೆ ಬೇರೆ ಚೀಟಿಯಲ್ಲಿ ಕೊಂಡು ಬೆರೆಸಿ ಅಗಿಯುವುದು ನಿಂತಿಲ್ಲ. ಇದು ನನಗೆ ನಿಜಕ್ಕೂ ಸಂಕಟದ ವಿಷಯ, ಏಕೆಂದರೆ ಹೀಗೆ ಬರುವವರಲ್ಲಿ ಹರೆಯದವರೂ ಇದ್ದಾರೆ.

ರೋಗಿ ಮೊದಲು ಹೇಳುವುದು ಬಾಯಿ ಬಿಗಿತವನ್ನಲ್ಲ, ಉರಿಯನ್ನು. "ರೊಟ್ಟಿಯ ಜೊತೆ ಖಾರ ಮುಟ್ಟಲಾಗುತ್ತಿಲ್ಲ" ಎಂದರೆ ಕಿವಿ ನೆಟ್ಟಗಾಗಲಿ. ಆರೋಗ್ಯವಂತ ವಯಸ್ಕರ ಬಾಯಿ ಸುಮಾರು 40 ಮಿಲಿಮೀಟರ್ ತೆರೆಯುತ್ತದೆ, ಅವರದೇ ಮೂರು ಬೆರಳು ನಿಲುವಾಗಿ ಹಿಡಿಸುವಷ್ಟು. ಎರಡೇ ಬೆರಳು ಹಿಡಿಸಿದರೆ ಟ್ರೇ ಬದಲಾಗಬೇಕು: ಚಿಕ್ಕ ತಲೆಯ ಕನ್ನಡಿ, ದಪ್ಪ ಕೊಳವೆಯ ಬದಲು ಎಂಜಲು ಹೀರುವ ತೆಳುವಾದ ಕೊಳವೆ, ಅಂದರೆ ಸಲೈವಾ ಇಜೆಕ್ಟರ್. ಕೆನ್ನೆಯನ್ನು ಜಗ್ಗಬೇಡಿ, ಬಿಗಿದ ಚರ್ಮ ಹಿಗ್ಗದು, ಹರಿದೀತು. ನಡುನಡುವೆ ಬಾಯಿ ಮುಚ್ಚಿ ವಿಶ್ರಾಂತಿ ಪಡೆಯಲು ಬಿಡಿ. "ಕಾಕಾ, ನೋವಾದರೆ ಎಡಗೈ ಎತ್ತಿ" ಎಂದು ಮೊದಲೇ ಹೇಳಿದರೆ ಅವರ ಅರ್ಧ ಅಂಜಿಕೆ ಇಳಿಯುತ್ತದೆ.

ಗದಗ ಜಿಲ್ಲೆಯ ಮುಂಡರಗಿ ಕಡೆಯವರ ಹಲ್ಲಿನಲ್ಲಿ ಬಿಳಿ ಗೆರೆ, ಕಂದು ಕಲೆ ಕಂಡರೆ ಹಲ್ಲುಜ್ಜಿಲ್ಲವೆಂದು ಗದರಬೇಡಿ. ಅದು ಕೊಳವೆಬಾವಿ ನೀರಿನ ಫ್ಲೋರೈಡ್ ಇರಬಹುದು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಎಳೆಯ ವಯಸ್ಸಿನಲ್ಲಿ ಕುಡಿದರೆ, ದವಡೆಯೊಳಗೆ ರೂಪುಗೊಳ್ಳುತ್ತಿರುವ ಹಲ್ಲಿನ ಗಟ್ಟಿ ಹೊರಪದರ, ಅಂದರೆ ಎನಾಮಲ್, ಕೆಡುತ್ತದೆ. ಹಲ್ಲಿನ ಮೇಲಿನ ಗಟ್ಟಿ ಪಾಚಿಯನ್ನು ಕೆರೆದು ತೆಗೆಯುವ ಸ್ಕೇಲಿಂಗ್‌ನಿಂದ ಆ ಕಲೆ ಹೋಗುವುದಿಲ್ಲ.

ವಸಡಿನ ರಕ್ತಸ್ರಾವ ಸಾಮಾನ್ಯ. ಮಧುಮೇಹ ಇದೆಯೇ ಎಂದು ಕೇಳಿ ಬರೆದುಕೊಳ್ಳಿ. ರಕ್ತ ತಾಗಿದ ಉಪಕರಣಗಳನ್ನು ಹಬೆಯಿಂದ ಕ್ರಿಮಿಮುಕ್ತ ಮಾಡುವ ಆಟೋಕ್ಲೇವ್‌ಗೆ 121 ಡಿಗ್ರಿ ಸೆಲ್ಸಿಯಸ್, 15 ಪೌಂಡ್ ಒತ್ತಡ, ಕನಿಷ್ಠ 15 ನಿಮಿಷ. ಒಣಗಿದ ರಕ್ತವನ್ನು ಮೊದಲು ಉಜ್ಜಿ ತೊಳೆಯದಿದ್ದರೆ ಆ ಶಾಖವೂ ವ್ಯರ್ಥ.

ಒರೆಸಿದರೂ ಹೋಗದ ಬಿಳಿ ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು ನಮ್ಮ ಕಣ್ಣಿಗೆ ಬಿದ್ದರೆ, ರೋಗಿಯೆದುರು ಕ್ಯಾನ್ಸರ್ ಎನ್ನದೆ ವೈದ್ಯರ ಗಮನಕ್ಕೆ ತರಬೇಕು. ಬಯಾಪ್ಸಿ, ಅಂದರೆ ಪರೀಕ್ಷೆಗೆ ಅಲ್ಲಿಂದ ತುಣುಕು ತೆಗೆಯುವುದು, ಎಂದಾದರೆ ತುಣುಕು ಕೆಡದಂತೆ ಇಡುವ 10 ಪ್ರತಿಶತ ಫಾರ್ಮಲಿನ್ ದ್ರಾವಣದ ಬಾಟಲಿ ಮೊದಲೇ ಸಿದ್ಧವಿರಲಿ. ದ್ರಾವಣ ತುಣುಕಿನ ಹತ್ತು ಪಟ್ಟಿಗಿಂತ ಕಡಿಮೆ ಬೇಡ. ರೋಗಿಯ ಹೆಸರು, ದಿನಾಂಕ, ತುಣುಕು ತೆಗೆದ ಜಾಗ ಇವೆಲ್ಲ ಬಾಟಲಿಯ ಮೈಮೇಲೆ ಇರಬೇಕು. ಮುಚ್ಚಳದ ಮೇಲೆ ಮಾತ್ರ ಬರೆದರೆ, ಪ್ರಯೋಗಾಲಯದಲ್ಲಿ ಮುಚ್ಚಳ ಅದಲುಬದಲಾದಾಗ ಒಬ್ಬರ ವರದಿ ಇನ್ನೊಬ್ಬರ ಕೈ ಸೇರುತ್ತದೆ.